ಬೆನ್ನು ತಿರುಗಿಸಿ ನಿಂತವರು

ಬಲಗಾಲಿನ ಬೂಟಿನ ದಾರ ಬಿಗಿದು ಎಡಗಾಲಿನದಕ್ಕೆ ಕೈ ಹಾಕುವ ಹೊತ್ತಿಗೆ ಓಟ್ಮಾರನಿಗೆ ಮತ್ತೊಮ್ಮೆ ಖಾತ್ರಿಯಾಯಿತು: ಇವತ್ತು ಸನಿಕೆ ನೆಲಕ್ಕೆ ಇಳಿಯುವ ಮೊದಲು ಬಾಯಿ ಬಿಡದಿದ್ದರೆ ಆಮೇಲೆ ಬಿಟ್ಟೂ ಪ್ರಯೋಜನವಿಲ್ಲ. ಹೇಳಬೇಕಾದದ್ದು ದೊಡ್ಡ ಭಾಷಣವೇನಲ್ಲ. ಇಪ್ಪತ್ತಾರು ವರ್ಷದ ಹಿಂದೆ ಲುಡ್ವಿನಾಳ ದ್ರಾಕ್ಷಿ ತೋಟದ ಅಂಚಿಗೆ ಬಾಂದುಕಲ್ಲು ನೆಟ್ಟಾಗ ಅದರ ಕೆಳಗೆ ಗುರುತು ಇಟ್ಟವನು ನಾನು, ತಪ್ಪಾಗಿ ಇಟ್ಟೆ, ಅಷ್ಟೇ. ಒಂದು ಉಸಿರಿನಲ್ಲಿ ಮುಗಿಯುವ ಮಾತು. ಆ ಉಸಿರನ್ನು ಅವನು ಒಂದು ವಾರದಿಂದ ತೋಟದಲ್ಲಿ ಕತ್ತರಿ ಹಿಡಿದು ಬಳ್ಳಿ ಸವರುವಾಗ, ನೆಲಮಾಳಿಗೆಯಲ್ಲಿ ಪೀಪಾಯಿಗಳ ನಡುವೆ, ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಎಳೆದುಕೊಂಡು ನೋಡಿದ್ದ. ಪ್ರತಿ ಸಲವೂ ಕನ್ನಡಿಯಲ್ಲಿದ್ದ ಅರವತ್ತೊಂದು ವರ್ಷದ ಮುಖ ಜಾಗ ಬಿಟ್ಟುಕೊಟ್ಟು, ಅಲ್ಲಿ ಹಳೆಯ ಜೊತೆಗಾರ ಕಿಲಿಯನ್‌ನ ಮುಖ ಬಂದು ನಗುತ್ತಿತ್ತು. ಬೂಟು ಹಾಕೋಕೆ ಇಷ್ಟು ಹೊತ್ತು ತಗೊಳ್ಳೋ ಗಂಡಸನ್ನ ನಾನು ನೋಡಿಲ್ಲ ಎಂದಳು ಒಲೆಯ ಹತ್ತಿರ ನಿಂತಿದ್ದ ಹೆಂಡತಿ ಆಫ್ರಾ. ಅವಳಿಗೂ ಹೇಳುವಂತಿರಲಿಲ್ಲ. ಏಳ್ವರಲ್ಲಿ ಒಬ್ಬನಾದವನ ಹೆಂಡತಿಗೆ ಗಂಡನ ಹುಳುಕೆಲ್ಲ ಗೊತ್ತಿರುತ್ತದೆ, ಆ ಒಂದನ್ನು ಬಿಟ್ಟು. ಕಾಫಿಗೆ ಅದ್ದಿದ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಅವನು ಎದ್ದ.

ಊರಿನಲ್ಲಿ ಏಳ್ವರು ಎಂದರೆ ಆಣೆ ಇಟ್ಟ ಏಳು ಮಂದಿ. ಹೊಲ ತೋಟಗಳ ಗಡಿಗೆ ಕಲ್ಲು ನೆಡುವವರು ಅವರೇ, ಜಗಳ ಬಂದರೆ ಎತ್ತಿ ನೋಡುವವರೂ ಅವರೇ. ಕಲ್ಲಿನ ಬುಡದಲ್ಲಿ ಸುಟ್ಟ ಮಣ್ಣಿನ ಕೆಲವು ಬಿಲ್ಲೆಗಳನ್ನು ಒಂದು ಕ್ರಮದಲ್ಲಿ ಇಡುತ್ತಾರೆ. ಆ ಕ್ರಮವನ್ನು ಬರೆದಿಡುವಂತಿಲ್ಲ, ಹೆಂಡತಿಗೂ ಪಾದ್ರಿಗೂ ಹೇಳುವಂತಿಲ್ಲ. ಹಳಬ ಹೊಸಬನ ಕಿವಿಯಲ್ಲಿ ಒಂದೇ ಒಂದು ಸಲ ಹೇಳಬೇಕು, ಹೊಸಬ ಅದನ್ನು ಗೋರಿಗೆ ಒಯ್ಯಬೇಕು. ಈ ಕತೆಯಲ್ಲೂ ಅದು ಬರುವುದಿಲ್ಲ, ಯಾರೂ ಕಾಯಬೇಕಾಗಿಲ್ಲ. ಯಾರಾದರೂ ಕಳ್ಳತನದಿಂದ ಕಲ್ಲು ಸರಿಸಿ ಕೆಳಗೆ ನಾಲ್ಕು ಹೆಂಚಿನ ಚೂರು ಎಸೆದಿದ್ದರೆ ಏಳ್ವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹೋದ ಸುಗ್ಗಿಯಲ್ಲಿ ಪಕ್ಕದ ತೋಟದ ಗುಂಬರ್ಟನ ಟ್ರ್ಯಾಕ್ಟರಿನ ಗಾಲಿ ತಗುಲಿ ಲುಡ್ವಿನಾಳ ತೋಟದ ಆ ಕಲ್ಲು ವಾಲಿತು. ವಾಲಿದ ಕಲ್ಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಾಗ ಗುಂಬರ್ಟನಿಗೆ, ಇದು ನನ್ನ ನೆಲದೊಳಕ್ಕೆ ಒಂದೂವರೆ ಗಜ ಬಂದಿದೆಯಲ್ಲ ಎಂದು ಹೊಳೆಯಿತು. ಲುಡ್ವಿನಾಳ ಗಂಡ ಆಲ್ಬನ್ ಬದುಕಿದ್ದಾಗ ಸರಿಸಿರಬೇಕು, ಇಲ್ಲವೇ ಅವನು ಸತ್ತ ಮೇಲೆ ಅವಳೇ ಸರಿಸಿರಬೇಕು ಎಂದು ಕಂಡಕಂಡವರ ಮುಂದೆ ಹೇಳಿದ. ಅಳತೆ ಕಚೇರಿಯ ಹಳೆ ನಕ್ಷೆ ಇಬ್ಬರಿಗೂ ಒಪ್ಪಿಗೆಯಾಗುವಷ್ಟು ಮಸುಕಾಗಿತ್ತು. ಹೀಗಾಗಿ ಇವತ್ತು ಏಳ್ವರು ಬುಡ ಅಗೆದು ನೋಡಬೇಕು. ಗುರುತು ಸರಿ ಇದ್ದರೆ ಕಲ್ಲು ಸರಿ. ತಪ್ಪಿದ್ದರೆ ಅವಳ ಅತ್ತೆಯ ಕಾಲದ ಬಳ್ಳಿಗಳ ಒಂದಿಡೀ ಸಾಲು ಗುಂಬರ್ಟನದು, ಅವಳು ಸಾಯುವವರೆಗೂ ಕಲ್ಲುಗಳ್ಳಿ. ಸತ್ತ ಮೇಲೂ ಬಿಡುಗಡೆಯಿಲ್ಲ. ಬಾಂದು ಸರಿಸಿದವರು ಉರಿಯುವ ಕಲ್ಲನ್ನು ಹೆಗಲ ಮೇಲೆ ಹೊತ್ತು ಬೇಲಿ ಬೇಲಿ ಅಲೆಯುತ್ತಾರೆಂದು ಈ ಊರಿನಲ್ಲಿ ಎಲ್ಲರೂ ತೊಟ್ಟಿಲಲ್ಲೇ ಕೇಳಿರುತ್ತಾರೆ. ಕಲ್ಲು ಅಗೆದ ಮೇಲೆ ಓಟ್ಮಾರ್ ಬಾಯಿ ಬಿಟ್ಟರೆ ವಿಧವೆಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಅನ್ನುತ್ತಾರೆ. ಮೊದಲೇ ಹೇಳಿದರೆ, ಒಳಗೆ ಏನು ಹೇಗಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರೆ, ಅದೇ ಸಾಕ್ಷಿ. ಇಷ್ಟು ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಇಡೀ ಚಳಿಗಾಲ ಅವನು ಲುಡ್ವಿನಾಳ ಮನೆಯ ಬೀದಿ ತಪ್ಪಿಸಿ ಕೋಟೆಗೋಡೆಯ ಒಳಬದಿಯ ಇಕ್ಕಟ್ಟಾದ ಓಣಿಯಲ್ಲೇ ತಿರುಗಿದ್ದ. ಇವತ್ತು ಅವಳ ಬೀದಿಯಲ್ಲೇ ಹೋದ. ಹೊಸ ವೈನ್ ಬಂದಾಗ ಬಾಗಿಲಿಗೆ ಪೊರಕೆ ತೂಗುಹಾಕಿ ಅಂಗಳದಲ್ಲಿ ಬೆಂಚು ಹಾಕಿ ಕುಡಿಸುವುದು ಬೆಳೆಗಾರರೆಲ್ಲರ ರೂಢಿ. ಅವಳೂ ಎರಡು ವಾರದಿಂದ ಪೊರಕೆ ಹಾಕಿದ್ದಳು. ಬಂದವರು ಹೊರಗಿನವರು ಮಾತ್ರ, ಹೆಬ್ಬಾಗಿಲ ಬುರುಜಿನ ಮುಂದೆ, ಮರದ ಚೌಕಟ್ಟಿನ ಸೊಟ್ಟ ಮನೆಗಳ ಮುಂದೆ ಫೋಟೋ ಹಿಡಿಯುತ್ತ ಬರುವ ಜನ. ಊರಿನವನೊಬ್ಬನೂ ಹೊಸ್ತಿಲು ದಾಟಿರಲಿಲ್ಲ. ಯಾರೋ ಪುಣ್ಯಾತ್ಮರು ಪೊರಕೆಯ ಹಿಡಿಗೆ ದಾರ ಕಟ್ಟಿ ಮುಷ್ಟಿಗಾತ್ರದ ಕಲ್ಲೊಂದನ್ನು ಇಳಿಬಿಟ್ಟಿದ್ದರು. ಅವಳು ಅದನ್ನು ಬಿಚ್ಚಿರಲಿಲ್ಲ. ಕಲ್ಲು ತೂಗಾಡುತ್ತಿದ್ದ ಜಾಗದಲ್ಲಿ ಬಾಗಿಲಿನ ಬಣ್ಣ ಸವೆದಿತ್ತು. ಅಂಗಳದಲ್ಲಿ ಗ್ಲಾಸು ತೊಳೆಯುತ್ತಿದ್ದ ಲುಡ್ವಿನಾ ತಲೆಯೆತ್ತಿ ನೋಡಿದಳು. ಓಟ್ಮಾರ್ ಟೋಪಿ ತೆಗೆದ, ಬಾಯಿ ತೆರೆದ. ಒಳಗೆ ಬಾ ಅನ್ನಲ್ಲ ಕಣಪ್ಪಾ, ಆಮೇಲೆ ಏಳ್ವರಿಗೆ ಕುಡಿಸಿ ಕೊಂಡ್ಕೊಂಡಳು ಅಂತಾರೆ ಎಂದು ಅವಳು ಸಣ್ಣಗೆ ನಕ್ಕಳು. ಅವನು ಬಾಯಿ ಮುಚ್ಚಿದ, ಟೋಪಿ ಹಾಕಿಕೊಂಡ. ತಿರುವು ದಾಟುವವರೆಗೂ ತನ್ನ ಬೂಟಿನ ಸದ್ದು ಗುಂಡುಕಲ್ಲಿನ ಹಾಸಿನ ಮೇಲೆ ಬೇರೆ ಯಾರೋ ನಡೆದಂತೆ ಅವನಿಗೆ ಕೇಳುತ್ತಿತ್ತು.

ಕಲ್ಲು ನೆಟ್ಟ ದಿನವೂ ಅವಳು ನಕ್ಕಿದ್ದಳು. ಮದುವೆಯಾಗಿ ಬಂದ ಮೊದಲ ವರ್ಷ, ಏಳ್ವರಿಗೆಂದು ಬುಟ್ಟಿಯಲ್ಲಿ ಬ್ರೆಡ್ಡು, ಈರುಳ್ಳಿ ಹಾಕಿ ಹುಳಿನೀರಿನಲ್ಲಿ ಬೇಯಿಸಿದ ಸಾಸೇಜು ಹೊತ್ತು ದಿಣ್ಣೆ ಹತ್ತಿ ಬಂದಿದ್ದಳು. ಗುರುತು ಇಡುವಾಗ ಹೊರಗಿನವರು ಇಪ್ಪತ್ತು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಬೇಕು. ಕಣ್ಣು ಮುಚ್ಚಿದೀನಿ, ಮೂಗೂ ಮುಚ್ಚಬೇಕಾ ಎಂದು ಅವಳು ಕೇಳಿದ್ದಕ್ಕೆ ಬುರ್ಕಾರ್ಡ್ ಮುದುಕ ಕೂಡ ನಕ್ಕುಬಿಟ್ಟಿದ್ದ. ಆಗ ಏಳ್ವರ ಹಿರಿಯ ಬುರ್ಕಾರ್ಡ್. ಹೊಸಬ ಓಟ್ಮಾರ್, ಮೂವತ್ತೈದು ವರ್ಷ, ಆಣೆ ಇಟ್ಟು ಹನ್ನೊಂದು ದಿನ. ಆಣೆ ಇಡುವಾಗ ಗಾಬರಿಯಲ್ಲಿ ಒಂದು ಸಾಲನ್ನು ಎರಡು ಸಲ ಹೇಳಿಬಿಟ್ಟಿದ್ದ. ಅವನಿಗಿಂತ ಒಂದು ವರ್ಷ ಮೊದಲು ಏಳ್ವರ ಪೈಕಿ ಸೇರಿದ್ದ, ಶಾಲೆಯಿಂದಲೂ ಜೊತೆಗಾರನಾದ ಕಿಲಿಯನ್ ಆ ರಾತ್ರಿಯ ಊಟದಲ್ಲೇ ಅವನಿಗೆ ‘ಎರಡು ಸಲ’ ಎಂದು ಹೆಸರಿಟ್ಟ. ಎರಡು ಸಲ, ಉಪ್ಪು ಕೊಡು. ಎರಡು ಸಲ, ಗ್ಲಾಸು ತುಂಬು, ಎರಡು ಸಲ ತುಂಬು. ಎರಡು ಸಲ ಆಣೆ ಇಟ್ಟವನು ಎರಡು ಪಟ್ಟು ಗಟ್ಟಿ ಕಣ್ರೋ ಎಂದು ಬುರ್ಕಾರ್ಡ್ ಬೆನ್ನು ತಟ್ಟಿದರೂ ಹೆಸರು ಅಂಟಿಕೊಂಡೇ ಉಳಿಯಿತು. ಹನ್ನೊಂದು ದಿನಕ್ಕೆ ಈ ಗುಂಡಿ. ಉಳಿದ ಆರು ಮಂದಿ ಕೋಟು ಬಿಡಿಸಿ ಹಿಡಿದು, ಗುಂಡಿಗೆ ಬೆನ್ನು ಕೊಟ್ಟು ಸುತ್ತ ಗೋಡೆಯ ಹಾಗೆ ನಿಂತರು. ಹೊಸಬ ಇಡಬೇಕು, ಹಳಬರು ನೋಡಬಾರದು, ಅದು ಅವನ ಮೇಲಿನ ನಂಬಿಕೆ. ಓಟ್ಮಾರ್ ಮೊಣಕಾಲೂರಿ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದ. ತಲೆ ಖಾಲಿಯಾಗಿತ್ತು. ಬುರ್ಕಾರ್ಡನ ಬಾಯಿಂದ ಬರುವ ಹೊಗೆಸೊಪ್ಪಿನ ವಾಸನೆ ನೆನಪಿತ್ತು, ಕಿವಿಗೆ ತಾಗಿದ ಮೀಸೆಯ ಚುಚ್ಚು ನೆನಪಿತ್ತು, ಮಾತು ನೆನಪಿರಲಿಲ್ಲ. ತಿರುಗಿ ಒಂದು ಸಲ ಕೇಳಿದರೆ ಆಗುತ್ತಿತ್ತು. ಕೇಳಿದರೆ ಅದು ಎರಡನೇ ಸಲ. ಕಿಲಿಯನ್‌ನ ಬೆನ್ನು ಎರಡು ಅಡಿ ದೂರದಲ್ಲಿತ್ತು. ಆ ಬೆನ್ನು ಆಗಲೇ ನಗುತ್ತಿದೆ ಅನ್ನಿಸಿತು. ಕೈಗೆ ತೋಚಿದಂತೆ ಇಟ್ಟ. ಆಯ್ತು ಅಂದ. ಬುರ್ಕಾರ್ಡ್ ಹಿಂತಿರುಗಿ ಗುಂಡಿಗೆ ಮಣ್ಣೆಳೆದು ತುಳಿದ. ಇಳಿಯುವ ದಾರಿಯಲ್ಲಿ, ಹೆಬ್ಬಾಗಿಲ ನೆರಳಿಗೆ ಕಾಲಿಟ್ಟ ಕೂಡಲೇ, ಮಾತು ಮೊದಲಿಂದ ಕೊನೆಯವರೆಗೆ ತಾನಾಗಿ ನೆನಪಾಯಿತು. ಇವತ್ತು ಬೇಡ, ನಾಳೆ ಹೇಳುತ್ತೇನೆ ಅಂದುಕೊಂಡ.

ಅದೇ ಹೆಬ್ಬಾಗಿಲ ಬುರುಜಿನ ಮೇಲಿನ ಕೋಣೆಯಲ್ಲಿ ಆರು ಮಂದಿ ಆಗಲೇ ಸೇರಿದ್ದರು. ಈಗ ಏಳ್ವರ ಹಿರಿಯನ ಪಟ್ಟ ಕಿಲಿಯನ್‌ನದು. ಬುರ್ಕಾರ್ಡನ ವಾರಗೆಯವರಲ್ಲಿ ವೆಂಡೆಲಿನ್ ಒಬ್ಬನೇ ಉಳಿದಿದ್ದ. ಎಂಬತ್ತನಾಲ್ಕಾಗಿತ್ತು, ಕಿವಿ ಕೈಕೊಟ್ಟಿತ್ತು, ಗೋಡೆಗೊರಗಿ ಕೂತು ಎಲ್ಲರ ತುಟಿಗಳನ್ನು ಸಂಶಯದಿಂದ ನೋಡುತ್ತಿದ್ದ. ಹೊಸಬ ಎಗಿಡ್, ನಲವತ್ತು ದಾಟಿದ ಬೇಕರಿಯವನು, ಬೆರಳುಗಳ ಸಂದಿಯಲ್ಲಿ ಇನ್ನೂ ಹಿಟ್ಟು ಇಟ್ಟುಕೊಂಡೇ ಬಂದಿದ್ದ. ಟೋಪಿ ತೆಗೆದು ಪ್ರಾರ್ಥನೆ ಹೇಳಿದರು. ಪ್ರಾರ್ಥನೆ ಮುಗಿದಾಗ ಒಂದು ಗಳಿಗೆ ಮೌನ ಇರುತ್ತದೆ. ಆ ಗಳಿಗೆಯನ್ನೇ ಓಟ್ಮಾರ್ ಮನೆಯಿಂದ ಗುರಿಯಿಟ್ಟುಕೊಂಡು ಬಂದಿದ್ದ. ಕಿಲಿಯನ್, ನಿಂಗೊಂದು ಮಾತು ಎಂದ. ಕಿಲಿಯನ್ ಪೆಟ್ಟಿಗೆಯಿಂದ ಹೊಸ ಬಿಲ್ಲೆಗಳ ಚೀಲ ತೆಗೆದು ಅವನ ಎದೆಗೆ ಒತ್ತಿ, ಮಂಡಿ ನೋವು ಮಾರಾಯಾ, ಇದನ್ನ ನೀನು ಹೊತ್ಕೋ, ಬೇಕಾದ್ರೆ ಎರಡು ಸಲ ಹೊತ್ಕೋ ಅಂದ. ಎಲ್ಲರೂ ನಕ್ಕರು, ದ್ವೇಷದಿಂದಲ್ಲ, ರೂಢಿಯಿಂದ. ಓಟ್ಮಾರನೂ ನಕ್ಕ. ಏನೋ ಮಾತು ಅಂದ್ಯಲ್ಲ ಎಂದು ಕಿಲಿಯನ್ ಕೇಳಿದಾಗ, ಆಮೇಲೆ ಹೇಳ್ತೀನಿ ಎಂದು ಚೀಲವನ್ನು ಹೆಗಲಿಗೇರಿಸಿ ಬುರುಜಿನ ಮೆಟ್ಟಿಲು ಇಳಿದ.

ದಿಣ್ಣೆಯ ದಾರಿಯಲ್ಲಿ ಮಾರ್ಚ್ ತಿಂಗಳ ತಣ್ಣನೆ ಬಿಸಿಲು. ಸವರಿದ ಬಳ್ಳಿಗಳ ತುದಿಯಿಂದ ನೀರು ಜಿನುಗುತ್ತಿತ್ತು. ಕೆಳಗೆ ಕೋಟೆಗೋಡೆಯ ಒಳಗೆ ಕೆಂಪು ಹೆಂಚಿನ ಮಾಡುಗಳು, ಆಚೆಗೆ ಮೈನ್ ಹೊಳೆ. ಇದೆಲ್ಲವೂ ನನ್ನನ್ನು ಬಿಟ್ಟು ನಡೆಯುತ್ತಿದೆ ಎಂದು ಓಟ್ಮಾರನಿಗೆ ಅನ್ನಿಸಿತು. ಒಮ್ಮೆ, ಈಸ್ಟರಿಗೆ ಮುಂಚೆ, ಪಾದ್ರಿಯ ಮುಂದೆ ತಪ್ಪೊಪ್ಪಿಗೆಗೆ ಕೂತು ಕೆಲಸದಲ್ಲಿ ಒಂದು ತಪ್ಪು ಮಾಡಿದೆ ಎಂದು ಶುರು ಮಾಡಿದ್ದ. ಎಂಥ ತಪ್ಪು ಮಗೂ ಎಂದರು ಪಾದ್ರಿ. ಯಾವುದನ್ನು ಎಲ್ಲಿ ಇಟ್ಟೆ ಎನ್ನದೆ ತಪ್ಪನ್ನು ಹೇಳುವುದು ಹೇಗೆಂದು ತಿಳಿಯದೆ, ಹೆಂಡತಿಗೆ ಸುಳ್ಳು ಹೇಳಿದೆ ಎಂದುಬಿಟ್ಟ. ಮಾಡದ ಪಾಪಕ್ಕೆ ಮೂರು ಜಪ ಹೇಳಿಕೊಂಡು ಮನೆಗೆ ಬಂದ. ಆಡಬಹುದಾಗಿದ್ದದ್ದು ಆರು ಜನರ ಮುಂದೆ ಮಾತ್ರ, ಆಡಲಾಗದೆ ಹೋದದ್ದೂ ಅವರ ಮುಂದೆಯೇ. ಬುರ್ಕಾರ್ಡನ ಮುಂದಾದರೂ ಆಡಬಹುದಿತ್ತು. ಭಾನುವಾರ ಪೂಜೆ ಮುಗಿಸಿ ಬುರ್ಕಾರ್ಡ್ ಅವನ ಅಂಗಳಕ್ಕೆ ಬಂದು ಒಂದು ಗ್ಲಾಸು ಕುಡಿದು ಹೋಗುತ್ತಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು, ಏನಾದ್ರೂ ಹೇಳೋದಿತ್ತಾ ಎಂದು ಕೇಳುವುದು ಅವನ ಚಾಳಿಯಾಗಿತ್ತು. ಮುದುಕರಿಗೆ ಸುದ್ದಿಯ ಚಪಲ. ಏನಿಲ್ಲ, ಹೋಗಿ ಬಾ ಅನ್ನುತ್ತಿದ್ದ ಓಟ್ಮಾರ್. ಹಾಸಿಗೆ ಹಿಡಿದ ಮೇಲೆ, ಕೊನೆಯ ವಾರದಲ್ಲಿ, ಮಗಳನ್ನು ಕೋಣೆಯಿಂದ ಹೊರಗೆ ಕಳಿಸಿ ಮತ್ತೆ ಅದನ್ನೇ ಕೇಳಿದ್ದ. ಕೂದಲಿಲ್ಲದ ಆ ತಲೆ ದಿಂಬಿನಲ್ಲಿ ಹುದುಗಿಹೋಗಿತ್ತು. ಓಟ್ಮಾರ್ ಅವನ ಕೈ ಹಿಡಿದು, ಬಳ್ಳಿ ಸವರೋದು ಮುಗೀತು ಎಂದ. ಬುರ್ಕಾರ್ಡ್ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಒಳ್ಳೇದು ಎಂದು ಕಣ್ಣು ಮುಚ್ಚಿದ. ಹದಿನಾಲ್ಕು ವರ್ಷವಾಯಿತು.

ಕಲ್ಲಿನ ಹತ್ತಿರ ಲುಡ್ವಿನಾ ಮತ್ತು ಗುಂಬರ್ಟ್ ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದರು. ಅಳತೆ ಕಚೇರಿಯ ಅಧಿಕಾರಿ ಮೂರುಕಾಲಿನ ಯಂತ್ರವನ್ನು ಮಡಚಿ ಪಕ್ಕಕ್ಕಿಟ್ಟಿದ್ದ. ಕಿಲಿಯನ್ ಮೂವರನ್ನೂ ಇಪ್ಪತ್ತು ಹೆಜ್ಜೆ ದೂರ ಕಳಿಸಿ ಬೆನ್ನು ತಿರುಗಿಸಿ ಅಂದ. ಲುಡ್ವಿನಾಳ ತಲೆಗವಸಿನ ಗಂಟು ಅವಳ ಕತ್ತಿನ ಹಿಂದೆ ಗಾಳಿಗೆ ಅಲುಗುತ್ತಿತ್ತು. ಈ ಸಲ ಅವಳು ತಮಾಷೆ ಮಾಡಲಿಲ್ಲ. ಈಗ ಹೇಳು ಎಂದು ಓಟ್ಮಾರ್ ತನಗೆ ತಾನೇ ಹೇಳಿಕೊಂಡ. ವಾಲಿದ ಕಲ್ಲನ್ನು ಹಾರೆ ಕೊಟ್ಟು ಉರುಳಿಸಲಿ, ಆಗ ಹೇಳುತ್ತೇನೆ. ಕಲ್ಲು ಉರುಳಿತು. ಮೇಲಿನ ಮಣ್ಣು ತೆಗೆಯಲಿ. ತೆಗೆದರು. ಸನಿಕೆ ಮೊಳ ಇಳಿಯಲಿ. ಇಳಿಯಿತು. ತಾನು ಹೇಳುವುದಿಲ್ಲ ಎಂದು ತಿಳಿದುಬಿಟ್ಟ ಮನುಷ್ಯನಿಗೆ ಒಂದು ಬಗೆಯ ಹೇಸಿಗೆಯ ನಿರಾಳ ಬರುತ್ತದೆ. ಅದು ಅವನಿಗೂ ಬಂತು. ಆ ಹೆಂಗಸನ್ನು ಊರು ಹರಿದು ತಿನ್ನುವುದನ್ನು ನೋಡುತ್ತ, ಭಾನುವಾರ ಅದೇ ಬೆಂಚಿನಲ್ಲಿ ಕೂತು ಪೂಜೆ ಕೇಳುತ್ತ ಇನ್ನೂ ಹತ್ತು ಹದಿನೈದು ವರ್ಷ ಇದ್ದುಬಿಡುತ್ತೇನೆ, ನಾನು ಅಂಥವನು ಎಂದು ಮನಸ್ಸು ತಣ್ಣಗೆ ಹೇಳಿತು. ಕಿಲಿಯನ್ ಸನಿಕೆ ಬಿಟ್ಟು ಕೈಯಿಂದ ಮಣ್ಣು ಬಿಡಿಸಿದ. ಏಳು ತಲೆಗಳು ಗುಂಡಿಯ ಮೇಲೆ ಬಾಗಿದವು.

ಗುರುತು ಸರಿಯಾಗಿತ್ತು. ಓಟ್ಮಾರ್ ಕಣ್ಣು ಉಜ್ಜಿಕೊಂಡು ನೋಡಿದ. ಹೆಬ್ಬಾಗಿಲ ನೆರಳಿನಲ್ಲಿ ಆವತ್ತು ನೆನಪಾದ ಕ್ರಮದಲ್ಲೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಬಿಲ್ಲೆಗಳು ಒದ್ದೆ ಮಣ್ಣಿನಲ್ಲಿ ಕೂತಿದ್ದವು. ಹಾಗಾದರೆ ಇಪ್ಪತ್ತಾರು ವರ್ಷ ನಾನು ಹೊತ್ತದ್ದೇನು, ಸರಿಯಾಗಿಯೇ ಇಟ್ಟಿದ್ದೆನೇ, ತಪ್ಪಿದ್ದು ನೆನಪೇ? ಇಲ್ಲ. ತಪ್ಪಾಗಿ ಇಟ್ಟ ಬಿಲ್ಲೆಯ ಮೊನೆ ಬೆರಳಿಗೆ ಚುಚ್ಚಿದ್ದು ಈಗಲೂ ಚರ್ಮಕ್ಕೆ ನೆನಪಿತ್ತು. ಕಿಲಿಯನ್ ಎದ್ದು ನಿಂತು, ಕಲ್ಲು ಸರಿ ಇದೆ, ಏಳ್ವರು ನೆಟ್ಟ ಜಾಗದಲ್ಲೇ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಗುಂಬರ್ಟ್ ಟೋಪಿಯನ್ನು ತೆಗೆದು ಅದರೊಳಗೆ ಏನೋ ಇದೆ ಎಂಬಂತೆ ನೋಡತೊಡಗಿದ. ಲುಡ್ವಿನಾ ಅರ್ಧ ಮಾತ್ರ ತಿರುಗಿದಳು.

“ನಂಗೆ ಹೆದರಿಕೆ ಇರ್ಲಿಲ್ಲ,” ಅಂದಳು. “ಇಟ್ಟವನು ಓಟ್ಮಾರ್ ಅಂತ ನೆನಪಿತ್ತಲ್ಲ. ಚಳಿಗಾಲ ಪೂರ್ತಿ ಅದನ್ನೇ ಹೇಳಿಕೊಂಡು ನಿದ್ದೆ ಮಾಡಿದೀನಿ.”

ಉರುಳಿಸಿದ ಕಲ್ಲನ್ನು ಮತ್ತೆ ನೆಡುವ ಮೊದಲು ಬುಡಕ್ಕೆ ಹೊಸ ಗುರುತು ಇಡಬೇಕಿತ್ತು. ಹೊರಗಿನವರು ಮತ್ತೆ ಬೆನ್ನು ತಿರುಗಿಸಿದರು. ಎಗಿಡ್ ಮೊಣಕಾಲೂರಿದ, ಆರು ಮಂದಿ ಕೋಟು ಬಿಡಿಸಿ ಗುಂಡಿಗೆ ಬೆನ್ನು ಕೊಟ್ಟು ನಿಂತರು. ಓಟ್ಮಾರನ ಕಣ್ಣ ಮುಂದೆ ಲುಡ್ವಿನಾಳ ಬೆನ್ನಿತ್ತು. ಅವನು ಅದನ್ನು ನೋಡಲಾರದೆ ನೆಲ ನೋಡಿದ. ಹಿಂದಿನಿಂದ ಬಿಲ್ಲೆಗೆ ಬಿಲ್ಲೆ ತಾಗುವ ಸಣ್ಣ ಸದ್ದು ಬಂತು. ಆಮೇಲೆ ನಿಂತಿತು. ಎಗಿಡ್ ಉಸಿರಾಡುವುದನ್ನೂ ನಿಲ್ಲಿಸಿದ್ದ. ಈ ನಿಶ್ಶಬ್ದದ ಪರಿಚಯ ಇಡೀ ಊರಿನಲ್ಲಿ ಒಬ್ಬನಿಗೆ ಮಾತ್ರ ಇತ್ತು. ಇನ್ನೊಂದು ಕ್ಷಣಕ್ಕೆ ಅವನು ಆಯ್ತು ಅನ್ನುತ್ತಾನೆ, ನಾವು ತಿರುಗಿ ಮಣ್ಣೆಳೆಯುತ್ತೇವೆ. ಓಟ್ಮಾರ್ ತಿರುಗಬಾರದಾಗಿತ್ತು. ತಿರುಗಿದ. ಕೋಟನ್ನು ಕೆಳಗೆ ಹಾಕಿ ಎಗಿಡ್‌ನ ಪಕ್ಕದಲ್ಲಿ ಕೂತ.

“ಮರೆತು ಹೋಯ್ತಾ?”

ಎಗಿಡ್ ಬೆವೆತಿದ್ದ. ಅವನು ತಲೆಯಾಡಿಸಿದ್ದು ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

“ನಂಗೂ ಮರೆತಿತ್ತು,” ಎಂದ ಓಟ್ಮಾರ್, “ಇದೇ ಗುಂಡೀಲಿ. ಕೇಳೋಕೆ ನಾಚಿಕೆ ಆಗಿ ತಪ್ಪು ಇಟ್ಟೆ. ಇವತ್ತೂ ಹೇಳೋಣ ಅಂತಲೇ ಬಂದೆ, ಹೇಳ್ಲಿಲ್ಲ. ತಪ್ಪಾಗಿಯೇ ಸಿಕ್ಕಿದ್ರೂ ಹೇಳ್ತಿರ್ಲಿಲ್ಲ. ನೀನು ಕೇಳು. ನಾಚಿಕೆ ಒಂದು ದಿನದ್ದು.”

ಗೋಡೆಯಾಗಿ ನಿಂತ ಬೆನ್ನುಗಳು ಒಂದೊಂದಾಗಿ ತಿರುಗಿದವು. ಕಿಲಿಯನ್‌ನ ಮುಖದಲ್ಲಿ ನಗುವಿರಲಿಲ್ಲ. ಆ ಮುಖ ನಗದೆ ಇದ್ದರೆ ಹೇಗಿರುತ್ತದೆಂದು ಓಟ್ಮಾರ್ ಮೊದಲ ಬಾರಿಗೆ ನೋಡಿದ. ತಪ್ಪು ಇಟ್ಟಿದ್ರೆ ಸರಿ ಹೇಗಾಯ್ತೋ ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ. ತುಟಿಗಳನ್ನೇ ನೋಡುತ್ತಿದ್ದ ವೆಂಡೆಲಿನ್ ಮುದುಕ ಕೋಲೂರಿ ಮುಂದಕ್ಕೆ ಬಂದ.

“ಬುರ್ಕಾರ್ಡ್ ಮಾಡಿದ,” ಎಂದ, ಕಿವುಡರ ಗಟ್ಟಿ ದನಿಯಲ್ಲಿ. ಕಿಲಿಯನ್ ಗಾಬರಿಯಿಂದ ಅವನ ತೋಳು ಹಿಡಿದ ಮೇಲೆ ದನಿ ಇಳಿಸಿದ. “ಮಾರನೇ ಬೆಳಿಗ್ಗೆ. ಹಾರೆ ಹೊತ್ತವನು ನಾನೇ. ಹುಡುಗ ಆಯ್ತು ಅಂದ ಧ್ವನಿ ಕೇಳಿದ್ಯಾ, ಕೆಲಸ ಸರಿಯಾಗಿ ಆಗಿಲ್ಲ ಅಂದ. ತೆಗೆದು ಸರಿ ಮಾಡಿದ. ಓಟ್ಮಾರ್‌ಗೆ ಹೇಳಬೇಡ, ಅವನೇ ಬಂದು ಹೇಳ್ತಾನೆ, ಅಲ್ಲಿವರೆಗೆ ಬಾಯಿ ಬಿಡಬೇಡ ಅಂದ.” ವೆಂಡೆಲಿನ್ ಗುಂಡಿಯೊಳಗೆ ಇಣುಕಿದ. “ಹನ್ನೆರಡು ವರ್ಷ ಕಾದ. ಆಮೇಲೆ ಸತ್ತ.”

ಭಾನುವಾರಗಳು ಒಂದರ ಹಿಂದೆ ಒಂದು ಬಂದು ಓಟ್ಮಾರನ ಅಂಗಳದ ಬಾಗಿಲಲ್ಲಿ ನಿಂತವು. ಏನಾದ್ರೂ ಹೇಳೋದಿತ್ತಾ. ಹನ್ನೆರಡು ವರ್ಷದ ಭಾನುವಾರಗಳು ಎಷ್ಟೆಂದು ಲೆಕ್ಕ ಹಾಕುವ ಧೈರ್ಯ ಅವನಿಗಿರಲಿಲ್ಲ. ಮಂಡಿಗಳ ಮೇಲೆ ಕೂತಿದ್ದಂತೆಯೇ ಅವನು ಅತ್ತ. ಸದ್ದಾಗದಂತೆ ಅತ್ತ, ಇಪ್ಪತ್ತು ಹೆಜ್ಜೆ ಆಚೆ ಜನರಿದ್ದರು. ಕಿಲಿಯನ್ ಎಗಿಡ್‌ನ ಕಿವಿಗೆ ಬಾಯಿಟ್ಟು ಇನ್ನೊಂದು ಸಲ ಹೇಳಿದ. ಏಳ್ವರು ಶುರುವಾದ ಮೇಲೆ ಇಂಥದ್ದು ನಡೆದದ್ದು ಬಹುಶಃ ಅದೇ ಮೊದಲು. ಎಗಿಡ್ ಇಟ್ಟ, ಏಳು ಮಂದಿಯೂ ನೋಡಿದರು. ಆಮೇಲೆ ಕಿಲಿಯನ್ ಓಟ್ಮಾರನ ಪಕ್ಕಕ್ಕೆ ನೋವಿನ ಮಂಡಿ ಮಡಚಿ ಕೂತ. ಎರಡು ಸಲ ಎಂದು ಕರೆಯಲಿಲ್ಲ, ಹೆಸರು ಹಿಡಿದು ಕರೆದ.

“ಓಟ್ಮಾರ್, ಮೊದಲು ತಪ್ಪಿತ್ತು, ಆಮೇಲೆ ಯಾರೋ ತೆಗೆದು ಸರಿ ಮಾಡಿದ್ರು ಅಂತ ಗುಂಬರ್ಟ್ ಕಿವಿಗೆ ಬಿದ್ರೆ, ಮುಗೀತು ಅವಳ ಕತೆ. ಮತ್ತೆ ಮೊದಲಿಂದ ಶುರು ಮಾಡ್ತಾನೆ. ನೀನು ಹೇಳಿದ್ದು ಈ ಗುಂಡೀಲೇ ಇರ್ಲಿ.”

“ಲುಡ್ವಿನಾಗೆ?”

“ಅವಳಿಗಂತೂ ಹೇಳಲೇಬಾರದು. ಗುಂಬರ್ಟ್ ಒಂದು ಮಾತು ಜಾಸ್ತಿ ಆಡಿದ್ರೆ ಸಾಕು, ಸಿಟ್ಟಲ್ಲಿ ಅವಳೇ ಅಂದುಬಿಡ್ತಾಳೆ.”

ಮಣ್ಣೆಳೆದರು. ತುಳಿದರು. ಓಟ್ಮಾರನೂ ತುಳಿದ.

ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಸುದ್ದಿ ಹೆಬ್ಬಾಗಿಲು ದಾಟಿತ್ತು. ಎರಡು ವಾರ ಹೊಸ್ತಿಲು ತುಳಿಯದವರು, ನಾವು ಮೊದಲೇ ಅಂದುಕೊಂಡಿದ್ದೆವು ಎನ್ನುತ್ತ ಲುಡ್ವಿನಾಳ ಅಂಗಳದ ಬೆಂಚುಗಳಲ್ಲಿ ಸರಿದು ಸರಿದು ಕೂತರು. ಅವಳು ಪೊರಕೆಗೆ ಕಟ್ಟಿದ್ದ ದಾರವನ್ನು ಕತ್ತರಿಸಿ, ಆ ಕಲ್ಲನ್ನು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಳು. ಒಳಗೆ ಬರುವವರೆಲ್ಲ ಅದನ್ನು ದಾಟಿಯೇ ಬರಬೇಕಿತ್ತು. ಮನೆಗೆ ಹೊರಟಿದ್ದ ಓಟ್ಮಾರನನ್ನು ಅವಳು ತೋಳು ಹಿಡಿದು ಎಳೆದು ತಂದು ಮೊದಲ ಬೆಂಚಿನ ತುದಿಯಲ್ಲಿ, ಆಲ್ಬನ್ ಕೂರುತ್ತಿದ್ದ ಜಾಗದಲ್ಲಿ ಕೂರಿಸಿದಳು. ಆ ಅಂಚಿನ ಸಾಲಿನದೇ ವೈನ್ ಎಂದು ಹೊಟ್ಟೆ ಚಪ್ಪಟೆಯಾದ ಬಾಟಲಿ ತೆಗೆದು ಮೊದಲ ಗ್ಲಾಸನ್ನು ಅವನ ಮುಂದಿಟ್ಟಳು. ಕಿಲಿಯನ್ ಎದುರು ಬೆಂಚಿನಲ್ಲಿ ತನ್ನ ಗ್ಲಾಸನ್ನೇ ನೋಡುತ್ತಿದ್ದ. ಓಟ್ಮಾರ್ ಕುಡಿದ. ಒಳ್ಳೆಯ ವೈನ್.

“ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ಯಲ್ಲ,” ಎಂದಳು ಲುಡ್ವಿನಾ, ಬಾಟಲಿ ಕೈಯಲ್ಲಿ ಹಿಡಿದುಕೊಂಡೇ. “ಏನಾದ್ರೂ ಹೇಳೋದಿತ್ತಾ?”

ಅವನು ಅವಳ ಮುಖ ನೋಡಿದ. ಇಡೀ ಚಳಿಗಾಲದ ನಂತರ ಮೊದಲ ಸಲ ಪೂರ್ತಿ ನೋಡಿದ.

“ಬಳ್ಳಿ ಸವರೋದು ಮುಗೀತು,” ಎಂದ.

ಒಳ್ಳೇದು ಎಂದು ಅವಳು ಅವನ ಗ್ಲಾಸನ್ನು ಮತ್ತೆ ತುಂಬಿದಳು.